ಲೇಟೆಸ್ಟ್ ಅವರಿಗೊಂದು ಹಾರ್ದಿಕ ದೂರು

ಇಂದ,
ಚಿಕ್ಕಮಾದಯ್ಯ,
ನಿವೃತ್ತ ಕನ್ನಡ ಅಧ್ಯಾಪಕ,
ಸಿದ್ಧಾರ್ಥನಗರ, ಮೈಸೂರು.

ಗೆ,
ಶ್ರೀಯುತ ಲೇಟೆಸ್ಟ್ ಅವರು,
ಇಮೇಜುಗಳ ಹಣೆಪಟ್ಟಿ,
ಭೂಮಿಯ ಮೇಲೆ ಎಲ್ಲೋ ಇರುವ ಒಂದು ರಿಜಿಸ್ಟ್ರಿ.

ವಿಷಯ: ತಾವು ತಮ್ಮ ಹೆಸರಿನ ಅರ್ಥದಂತೆ ನಡೆದುಕೊಳ್ಳದೆ ಇರುವುದರ ಬಗ್ಗೆ, ಮತ್ತು ಅದರಿಂದ ಏಳನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳಿಗೆ ಆದ ಅನ್ಯಾಯದ ಬಗ್ಗೆ.

ಮಾನ್ಯರೇ,

ತಮ್ಮ ಘನ ಸನ್ನಿಧಾನಕ್ಕೆ ಮೈಸೂರಿನಿಂದ ಗೌರವಪೂರ್ವಕ ವಂದನೆಗಳು. ಪತ್ರದ ಮೊದಲಲ್ಲಿ ಎದುರಿನವರ ಕ್ಷೇಮಸಮಾಚಾರ ವಿಚಾರಿಸಬೇಕೆಂದು ನಾನು ಮೂವತ್ತೆಂಟು ವರ್ಷ ಮಕ್ಕಳಿಗೆ ಕಲಿಸಿದ್ದೇನೆ. ಆದರೆ ತಮ್ಮ ವಿಷಯದಲ್ಲಿ ಆ ಉಪಚಾರಕ್ಕೆ ಎಡೆಯಿಲ್ಲ. ಆಷಾಢದಲ್ಲಿ ಹೇಗಿದ್ದಿರೋ ಕಾರ್ತಿಕದಲ್ಲಿಯೂ ಒಂದು ಕೂದಲೆಳೆಯಷ್ಟೂ ಬದಲಾಗದೆ ಹಾಗೆಯೇ ಇದ್ದೀರಿ ಎಂಬುದು ನನಗೆ ಚೆನ್ನಾಗಿ ಗೊತ್ತು, ಮತ್ತು ನನ್ನ ದೂರು ಇರುವುದೇ ಅದರ ಬಗ್ಗೆ. ಮೇಲಿನ ವಿಳಾಸದಲ್ಲಿ ‘ಲೇಟೆಸ್ಟ್‌ರವರು’ ಎಂದು ಬರೆಯದೆ ‘ಲೇಟೆಸ್ಟ್ ಅವರು’ ಎಂದು ಬರೆದಿರುವುದನ್ನು ತಾವು ಗಮನಿಸಿರಬಹುದು. ‘ರವರು’ ಎಂಬ ಪದ ಕನ್ನಡದಲ್ಲಿಲ್ಲ. ಕಚೇರಿಗಳಲ್ಲಿ ಮಾತ್ರ ಇದೆ.

ಇದು ಬಹಿರಂಗ ಪತ್ರವಾದ್ದರಿಂದ, ತಮ್ಮನ್ನು ಅರಿಯದ ಓದುಗರ ಸಲುವಾಗಿ, ನಮ್ಮಿಬ್ಬರ ಪರಿಚಯ ಹೇಗಾಯಿತೆಂಬುದನ್ನು ಮೊದಲು ನಿವೇದಿಸಿಕೊಳ್ಳುತ್ತೇನೆ. ನಿವೃತ್ತನಾದ ಮೇಲೆ ನಾನು ಊರಿನ ಬ್ಯಾನರು, ಲಗ್ನಪತ್ರಿಕೆ, ಅಂಗಡಿಯ ಬೋರ್ಡು, ಆಟೋಗಳ ಬೆನ್ನು ಇವುಗಳ ಮೇಲೆ ಕಂಡ ತಪ್ಪು ಬರಹಗಳನ್ನೆಲ್ಲ ಒಂದು ಪುಸ್ತಕದಲ್ಲಿ ಎರಡು ಅಂಕಣ ಮಾಡಿ ಬರೆದಿಡುತ್ತ ಬಂದೆ. ಎಡಕ್ಕೆ ತಪ್ಪು, ಬಲಕ್ಕೆ ಒಪ್ಪು. ಎಡಕ್ಕೆ ‘ಶುಭಾಷಯ’, ಬಲಕ್ಕೆ ‘ಶುಭಾಶಯ’. ಎಡಕ್ಕೆ ‘ಅಥಿತಿ’, ಬಲಕ್ಕೆ ‘ಅತಿಥಿ’. ಇಂಥವು ಒಂದು ಸಾವಿರದ ನೂರ ನಲವತ್ತಮೂರು ಜೋಡಿಗಳಾದವು. ಹಿಂದೆ ಏಳನೆಯ ‘ಬಿ’ ವಿಭಾಗದಲ್ಲಿ ನನ್ನ ಶಿಷ್ಯೆಯಾಗಿದ್ದು, ಈಗ ವಿಜಯನಗರದಲ್ಲಿ ಮನೆ ಮಾಡಿಕೊಂಡು ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವ ಹರ್ಷಿತಾ ಇದನ್ನು ಕಂಡು, “ಪುಸ್ತಕದಲ್ಲಿ ಇಟ್ಕೊಂಡ್ರೆ ಯಾರ್ ನೋಡ್ತಾರೆ ಸಾರ್, ಒಂದು ವೆಬ್ ಪುಟ ಮಾಡ್ಬುಡ್ತೀನಿ ಇರಿ” ಎಂದಳು, ಮಾಡಿಯೂ ಬಿಟ್ಟಳು. ಅತಿ ಸರಳವಾದ ಪುಟ. ಒಂದು ಪದವನ್ನು ಟೈಪು ಮಾಡಿದರೆ, ಅದು ನನ್ನ ಎಡ ಅಂಕಣದಲ್ಲಿದ್ದ ಪಕ್ಷದಲ್ಲಿ ಕೆಂಪು ದಪ್ಪಕ್ಷರದಲ್ಲಿ ‘ತಪ್ಪು’ ಎಂದು ಸಾರಿ, ಅದರ ಕೆಳಗೆ ಸಣ್ಣಕ್ಷರದಲ್ಲಿ ಸರಿಯಾದ ರೂಪವನ್ನು ತೋರಿಸುತ್ತದೆ. ಎಡ ಅಂಕಣದಲ್ಲಿ ಇಲ್ಲವಾದರೆ ಹಸಿರಿನಲ್ಲಿ ‘ದೋಷವಿಲ್ಲ’ ಎನ್ನುತ್ತದೆ. ಅದಕ್ಕೆ ‘ತಪ್ಪು-ಒಪ್ಪು’ ಎಂದು ಹೆಸರಿಟ್ಟೆವು.

ನಮ್ಮ ಅಕ್ಷರಶುದ್ಧಿ ಬಳಗದ ಐದು ಶಾಲೆಗಳಿಗೆ ಇದನ್ನು ಹಂಚಬೇಕಾದಾಗ ತೊಡಕಾಯಿತು. ಐದು ಶಾಲೆಗಳ ಕಂಪ್ಯೂಟರುಗಳಿಗೆ ಐದು ಸ್ವಭಾವ. ಒಂದರಲ್ಲಿ ನಡೆದದ್ದು ಇನ್ನೊಂದರಲ್ಲಿ ನಡೆಯದು. ಹರ್ಷಿತಾ ಅದಕ್ಕೂ ಪರಿಹಾರ ಹೇಳಿದಳು: “ಬರೀ ಅನ್ನ ಕಟ್ಟಿ ಕಳ್ಸಿದ್ರೆ ಅಲ್ಲಿ ಸಾರು ಇರಲ್ಲ, ತಟ್ಟೆ ಇರಲ್ಲ ಸಾರ್. ಅದಕ್ಕೇ ಪುಟ, ಪುಟಕ್ಕೆ ಬೇಕಾದ ಸಾಮಾನು, ಎಲ್ಲಾ ಸೇರಿಸಿ ಒಂದೇ ಬುತ್ತಿ ಕಟ್ಬುಡೋದು. ಎಲ್ಲಿ ಬಿಚ್ಚಿದ್ರೂ ಅದೇ ಊಟ.” ಕಟ್ಟಿಟ್ಟ ಈ ಬುತ್ತಿಗೆ ‘ಇಮೇಜ್’ ಎಂದೂ, ಅದನ್ನು ಬಿಚ್ಚಿ ಬಡಿಸಿ ನಡೆಸುವಾಗ ಅದಕ್ಕೆ ‘ಕಂಟೇನರ್’ ಎಂದೂ ಹೆಸರಂತೆ. ಇಮೇಜಿನಲ್ಲಿ ಯಾವ ಚಿತ್ರವೂ ಇಲ್ಲವೆಂಬುದು ನನಗೆ ತಿಳಿಯುವಷ್ಟರಲ್ಲಿ ನನ್ನ ಧರ್ಮಪತ್ನಿ ಇಂದ್ರಮ್ಮನವರು, “ಇಮೇಜು ಅಂದ್ರೆ ನಿಮ್ ಫೋಟೋ ಹಾಕವ್ರಾ? ಮಕ್ಳು ಹೆದ್ರಿಕೊಳ್ಳಲ್ವಾ?” ಎಂದು ಕೇಳಿ ಆಗಿತ್ತು. ಇಮೇಜುಗಳನ್ನು ಒಂದು ‘ರಿಜಿಸ್ಟ್ರಿ’ಯಲ್ಲಿಟ್ಟು ಹಂಚುತ್ತಾರೆಂದಾಗ ನಾನು ಆಧಾರ್ ಕಾರ್ಡಿನ ನಕಲನ್ನೂ ಇಬ್ಬರು ಸಾಕ್ಷಿಗಳನ್ನೂ ಸಿದ್ಧಪಡಿಸಿಕೊಂಡು ಕುಳಿತಿದ್ದೆ. ಹಾಗೇನೂ ಬೇಕಿರಲಿಲ್ಲ. ಅದು ಅಂತರ್ಜಾಲದಲ್ಲಿರುವ ಬುತ್ತಿಗಳ ಉಗ್ರಾಣವಂತೆ. ಅಲ್ಲಿಗೆ ಕಳಿಸುವುದಕ್ಕೆ ‘ತಳ್ಳುವುದು’, ಅಲ್ಲಿಂದ ತರಿಸುವುದಕ್ಕೆ ‘ಎಳೆಯುವುದು’ ಎನ್ನುತ್ತಾರೆ. ಬ್ಯಾಂಕಿನ ಬಾಗಿಲಿಗಿಂತ ಹೆಚ್ಚಿನ ವಿದ್ಯೆಯೇನೂ ಅದಕ್ಕೆ ಬೇಡ. ಒಂದೇ ಪುಟದ ಹಲವು ಆವೃತ್ತಿಗಳನ್ನು ಗುರುತಿಸಲು ಒಂದೊಂದಕ್ಕೂ ಒಂದು ಹಣೆಪಟ್ಟಿ ಅಂಟಿಸುವುದುಂಟು. ಯಾವ ಪಟ್ಟಿಯನ್ನೂ ಸೂಚಿಸದೆ ತಳ್ಳಿದರೆ, ಯಾರೂ ಕರೆಯದಿದ್ದರೂ ತಾನಾಗಿ ಬಂದು ಅಂಟಿಕೊಳ್ಳುವ ಮಹನೀಯರೇ ತಾವು.

ಆಷಾಢದಲ್ಲಿ ಹರ್ಷಿತಾ ಏನನ್ನೂ ಸೂಚಿಸದೆ ತಳ್ಳಿದಳು. ತಾವು ಬಂದು ಅಂಟಿಕೊಂಡಿರಿ. ಐದೂ ಶಾಲೆಯವರು ‘ಲೇಟೆಸ್ಟ್’ ಎಂಬುದನ್ನು ಎಳೆದುಕೊಂಡರು. ತಮ್ಮ ಹೆಸರನ್ನು ಮೊದಲ ಸಲ ಕೇಳಿದಾಗ ನನಗಾದ ಆನಂದವನ್ನು ಮುಚ್ಚಿಡುವುದಿಲ್ಲ. ಬಾಳಿನಲ್ಲಿ ಒಮ್ಮೆಯಾದರೂ, ಅತ್ಯಂತ ಈಚಿನದನ್ನೇ ಕೊಡುತ್ತೇನೆಂದು ಹೆಸರಿನಲ್ಲಿಯೇ ಮುಚ್ಚಳಿಕೆ ಬರೆದುಕೊಟ್ಟ ಅಧಿಕಾರಿಯೊಬ್ಬರು ಸಿಕ್ಕಿದರೆಂದು ನಂಬಿದೆ. ಇಂಗ್ಲಿಷಿನಲ್ಲಿ ‘ಲೇಟ್’ ಎಂಬ ಮಾತಿಗೆ ತಡವಾದ ಎಂಬ ಅರ್ಥವೂ ಉಂಟು, ದಿವಂಗತ ಎಂಬ ಅರ್ಥವೂ ಉಂಟು. ತಮ್ಮಲ್ಲಿ ಇವುಗಳ ಪೈಕಿ ಯಾವುದರ ಅತಿಶಯವಿದೆ ಎಂದು ಅಂದೇ ವಿಚಾರಿಸಿಕೊಳ್ಳಬೇಕಾಗಿತ್ತು. ವ್ಯಾಕರಣ ಕಲಿಸಿದವನಾಗಿಯೂ ವಿಚಾರಿಸಲಿಲ್ಲ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಬಳಗದ ಶುದ್ಧಬರಹ ಸ್ಪರ್ಧೆ ಕಳೆದ ಶನಿವಾರ ಮಂಡಿ ಮೊಹಲ್ಲಾದ ಒಂದು ಶಾಲೆಯಲ್ಲಿ ನಡೆಯಿತು. ನಾನು ಹೋಗಲಿಲ್ಲ. ನನಗೆ ಬಂದ ಆಹ್ವಾನಪತ್ರಿಕೆಯ ಮೇಲೆಯೇ ‘ಹಾರ್ಧಿಕ ಸ್ವಾಗತ’ ಎಂದು ಅಚ್ಚಾಗಿತ್ತು. ಓದುಗರಿಗೆ ತಿಳಿದಿರುವಂತೆ, ‘ದ’ಕಾರಕ್ಕೆ ಕೆಳಗೊಂದು ಗೀಟು ಹಾಕಿ ‘ಧ’ ಮಾಡುವುದಕ್ಕೆ ನಮ್ಮ ಶಾಲೆಗಳಲ್ಲಿ ‘ಹೊಟ್ಟೆ ಸೀಳುವುದು’ ಎನ್ನುತ್ತೇವೆ. ‘ಹಾರ್ದಿಕ’ ಎಂಬುದು ಹೃದಯಕ್ಕೆ ಸಂಬಂಧಪಟ್ಟ ಮಾತು. ಹೃದಯದ ದಕಾರದಲ್ಲಿ ಇಲ್ಲದ ಮಹಾಪ್ರಾಣ ಹಾರ್ದಿಕದಲ್ಲಿ ಎಲ್ಲಿಂದ ಬರಬೇಕು? ಹೃದಯದ ಮಾತಿಗೆ ಹೊಟ್ಟೆ ಸೀಳುವುದು ವೈದ್ಯಶಾಸ್ತ್ರಕ್ಕೂ ಒಪ್ಪುವುದಿಲ್ಲ. ಆದ್ದರಿಂದ ಆ ಪತ್ರಿಕೆಗೆ ಕೆಂಪು ಗೀಟು ಎಳೆದು, ‘ತಿದ್ದಿಕೊಂಡು ಮತ್ತೆ ಕರೆಯಿರಿ’ ಎಂದು ಅಂಚಿನಲ್ಲಿ ಬರೆದು, ಬಂದ ಲಕೋಟೆಯಲ್ಲಿಯೇ ಹಿಂದಿರುಗಿಸಿ, ಮನೆಯಲ್ಲಿ ಉಳಿದೆ.

ಸೋಮವಾರ ಬೆಳಗ್ಗೆ ಆ ಶಾಲೆಯ ಮುಖ್ಯೋಪಾಧ್ಯಾಯಿನಿಯೂ ಸ್ಪರ್ಧೆಯ ತೀರ್ಪುಗಾರರೂ ಆದ ಪದ್ಮಾವತಿಯವರು ಅದೇ ಲಕೋಟೆಯನ್ನು ಕೈಯಲ್ಲಿ ಹಿಡಿದು ನಮ್ಮ ಮನೆಗೆ ಬಂದರು. ಕುಳಿತುಕೊಳ್ಳಲಿಲ್ಲ. “ಅಚ್ಚಿಗೆ ಕೊಡೋ ಮುಂಚೆ ನಿಮ್ ಪುಟದಲ್ಲೇ ಹಾಕಿ ನೋಡ್ದೆ ಕಣ್ರೀ. ‘ದೋಷವಿಲ್ಲ’ ಅಂತು, ಹಸಿರು ಬಂತು. ಈಗ ನೀವೇ ಗೀಟು ಎಳ್ದು ವಾಪಸ್ ಕಳ್ಸಿದ್ರೆ ನಾವು ಯಾರನ್ನ ನಂಬೋದು ಸಾರ್, ನಿಮ್ಮನ್ನೋ ನಿಮ್ ಪುಟಾನೋ?” ಎಂದು ಕೇಳಿ, ನಾನು ಬಾಯಿ ತೆರೆಯುವ ಮೊದಲೇ ಮುಂದುವರಿಸಿದರು: “ಕೊನೇ ಸುತ್ತಿಗೂ ಅದೇ ಪದ ಬಂತು. ನಮ್ಮ ಫ್ಲೆಕ್ಸ್ ಅಂಗಡಿ ಸುಂದರೇಶ ಇದಾರಲ್ಲ, ಅವ್ರ ಮಗಳು ಧರಣಿ, ಅಷ್ಟೊತ್ತೂ ಒಂದೂ ತಪ್ಪು ಮಾಡ್ದೆ ಇದ್ದೋಳು, ಪಾಪ, ಹೊಟ್ಟೆ ಸೀಳ್ದೆ ಬರೆದ್ಬುಟ್ಲು. ಕೆಂಪು ಬಂತು. ಆ ಕಡೆ ಶಾಲೆ ಹುಡುಗ ಸೀಳಿದ್ದ. ಅವನು ಗೆದ್ದ. ಬುಧವಾರ ಐದು ಗಂಟೆಗೆ ಜಿಲ್ಲಾ ಸುತ್ತಿಗೆ ಅವನ ಹೆಸರು ಹೋಗ್ತದೆ.”

ಮಾನ್ಯರೇ, ಧರಣಿಯನ್ನು ನಾನು ಆವರೆಗೆ ನೋಡಿರಲಿಲ್ಲ; ಆದರೆ ಆ ಅಂಗಡಿಯ ಬ್ಯಾನರುಗಳನ್ನು ನೋಡಿದ್ದೆ. ಮೈಸೂರಿನಲ್ಲಿ ಗೃಹಪ್ರವೇಶದಿಂದ ಹಿಡಿದು ಬಡ್ತಿಯವರೆಗೆ ಯಾವುದಕ್ಕೆ ಬ್ಯಾನರು ಕಟ್ಟಿದರೂ ಹಾರ್ದಿಕಕ್ಕೆ ಹೊಟ್ಟೆ ಸೀಳಿಯೇ ಕಟ್ಟುತ್ತಾರೆ. ಮಂಡಿ ಮೊಹಲ್ಲಾದ ಆ ಒಂದು ಅಂಗಡಿಯಿಂದ ಬಂದವುಗಳಲ್ಲಿ ಮಾತ್ರ ಪದ ಶುದ್ಧವಾಗಿರುತ್ತಿತ್ತು. ಒಮ್ಮೆ ಸ್ಕೂಟರು ನಿಲ್ಲಿಸಿ, ಯಾರಿಗೋ ಅಭಿನಂದನೆ ಕೋರಿದ್ದ ಅಂಥ ಒಂದು ಬ್ಯಾನರಿಗೆ ಕೈಮುಗಿದದ್ದೂ ಉಂಟು. ಅಭಿನಂದಿತರ ಕಡೆಯವರು ನನ್ನನ್ನು ತಮ್ಮ ಪಕ್ಷದವನೆಂದು ತಿಳಿದು ಶಾಲು ಹೊದಿಸಲು ಬಂದರು. ಆ ಶುದ್ಧಿಗೆ ಕಾರಣ ಅಂಗಡಿಯವರಲ್ಲ, ಪ್ರತಿಯೊಂದು ಡಿಸೈನನ್ನೂ ಓದಿ ನೋಡಿ ಬಿಡುವ ಅವರ ಮಗಳು ಎಂಬುದು ಪದ್ಮಾವತಿಯವರು ಹೇಳಿದಾಗಲೇ ನನಗೆ ತಿಳಿದದ್ದು.

ಆಟೋ ಹಿಡಿದು ಇಬ್ಬರೂ ಶಾಲೆಗೆ ಹೋದೆವು. ಕಂಪ್ಯೂಟರ್ ಕೊಠಡಿಯನ್ನು ನೋಡಿಕೊಳ್ಳುವ ಬಸವರಾಜು ಅವರು ಪುಟವನ್ನು ತೆರೆದು, ನನ್ನ ಕಣ್ಣೆದುರಿಗೆ ‘ಹಾರ್ದಿಕ’ ಎಂದು ಟೈಪು ಮಾಡಿದರು. ಕೆಂಪಿನಲ್ಲಿ ‘ತಪ್ಪು’ ಎಂದು ಬಂದಿತು. ಕನ್ನಡಕವನ್ನು ಒರೆಸಿಕೊಂಡು ಕೆಳಗಿನ ಸಣ್ಣಕ್ಷರವನ್ನು ಓದಿದೆ. ‘ಸರಿಯಾದ ರೂಪ: ಹಾರ್ದಿಕ’ ಎಂದಿತ್ತು. ಹಾರ್ದಿಕ ತಪ್ಪು, ಆದ್ದರಿಂದ ಹಾರ್ದಿಕ ಎಂದು ಬರೆಯಬೇಕು ಎಂಬುದು ನನ್ನ ಹೆಸರು ಹೊತ್ತ ಪುಟದ ಅಭಿಪ್ರಾಯವಾಗಿತ್ತು. “ಕೆಂಪು ಕಂಡ್ಮೇಲೆ ಕೆಳಗಿನ ಸಣ್ಣಕ್ಷರ ಯಾರ್ ಓದ್ತಾರೆ ಸಾರ್, ಚಪ್ಪಾಳೆ ಬಿದ್ದೋಗಿತ್ತು” ಎಂದರು ಪದ್ಮಾವತಿಯವರು.

ಇಲ್ಲಿ ಒಂದು ಸಣ್ಣ ವಿವರವನ್ನು ಬಿಟ್ಟು ಮುಂದುವರಿಯುವ ಆಸೆ ನನಗಿತ್ತು; ಸೋಮವಾರವೆಲ್ಲ ಬಿಟ್ಟೇ ಇದ್ದೆ. ಆದರೆ ಹರ್ಷಿತಾ ನನ್ನ ಕೈಬರಹವಿದ್ದ ಹಳೆಯ ಕರಡನ್ನು ಫೋನಿನಲ್ಲಿ ಚಿತ್ರ ತೆಗೆದು ಕಳಿಸಿದ್ದರಿಂದ ಬಿಡುವಂತಿಲ್ಲ. ಪುಟವನ್ನು ಬುತ್ತಿ ಕಟ್ಟುವ ಮೊದಲು ಅವಳು ಇಡೀ ಪಟ್ಟಿಯನ್ನು ಅಚ್ಚು ತೆಗೆದು ನನಗೆ ತಿದ್ದಲು ಕೊಟ್ಟಿದ್ದಳು. ಎಡ ಅಂಕಣವೆಂದರೆ ತಪ್ಪುಗಳ ಅಂಕಣ. ಅಲ್ಲಿ ತಪ್ಪುಗಳು ತಪ್ಪಾಗಿಯೇ ಇರಬೇಕು. ಮೂವತ್ತೆಂಟು ವರ್ಷ ಕೆಂಪು ಶಾಯಿ ಹಿಡಿದ ಕೈಗೆ ಅಂಥ ಸಾವಿರಕ್ಕೂ ಮಿಕ್ಕಿದ ಅಪರಾಧಗಳನ್ನು ಒಂದರ ಕೆಳಗೊಂದು ನೋಡುತ್ತ ಸುಮ್ಮನಿರುವುದು ಎಂಥ ತಪಸ್ಸೆಂಬುದನ್ನು ಅಧ್ಯಾಪಕರಲ್ಲದವರಿಗೆ ವಿವರಿಸಲಾರೆ. ಒಂದು ಸಾವಿರದ ನೂರ ಮೂವತ್ತು ಸಾಲುಗಳವರೆಗೆ ತಡೆದುಕೊಂಡೆ. ಹಕಾರ ವರ್ಣಮಾಲೆಯ ಕೊನೆಯ ಕಡೆಗೆ ಬರುತ್ತದೆ. ಅಷ್ಟು ಹೊತ್ತಿಗೆ ಕೈ ಸೋತಿತ್ತು. ಎಡ ಅಂಕಣದಲ್ಲಿ ‘ಹಾರ್ಧಿಕ’ ಎಂಬುದನ್ನು ಕಂಡ ಕೂಡಲೆ, ಯೋಚಿಸದೆ, ಹೊಟ್ಟೆಯ ಗೀಟನ್ನು ಹೊಡೆದುಹಾಕಿ ‘ಹಾರ್ದಿಕ’ ಎಂದು ತಿದ್ದಿದೆ. ಅಂಚಿನಲ್ಲಿ ‘ಗಮನವಿರಲಿ’ ಎಂದೂ ಬರೆದೆ. ಹರ್ಷಿತಾ ವಿಧೇಯ ಶಿಷ್ಯೆ. ಗಮನವಿಟ್ಟು, ನಾನು ತಿದ್ದಿದಂತೆಯೇ ಸೇರಿಸಿದಳು. ಹೀಗೆ ಸರಿಯಾದ ಪದ ತಪ್ಪುಗಳ ಸಾಲಿಗೆ ಸೇರಿತು, ಮತ್ತು ತಪ್ಪಾದ ಪದ ಪಟ್ಟಿಯಲ್ಲಿಯೇ ಇಲ್ಲವಾಗಿ ‘ದೋಷವಿಲ್ಲ’ ಎನಿಸಿಕೊಂಡಿತು.

ಆದರೂ ತಮ್ಮ ಮೇಲಿನ ದೂರು ಇದರಿಂದ ತೆಳುವಾಗುವುದಿಲ್ಲ. ಸೋಮವಾರ ಸಂಜೆಯೇ ಹರ್ಷಿತಾ ಆ ಸಾಲನ್ನು ಸರಿಪಡಿಸಿ, ಹೊಸ ಬುತ್ತಿ ಕಟ್ಟಿ, ಈ ಸಲ ಶಿಸ್ತಾಗಿ ‘೧.೧’ ಎಂಬ ಹಣೆಪಟ್ಟಿ ಅಂಟಿಸಿ ತಳ್ಳಿದಳು. ಮಂಗಳವಾರ ನಾನು ಶಾಲೆ ತೆರೆಯುವ ಮೊದಲೇ ಹೋಗಿ ನಿಂತೆ. ಬಸವರಾಜು ಅವರು ರಿಜಿಸ್ಟ್ರಿಯಿಂದ ಮತ್ತೆ ಎಳೆದು, ಪದವನ್ನು ಹಾಕಿದರು. ಕೆಂಪು. ಇನ್ನೊಮ್ಮೆ ಎಳೆದರು. ಕೆಂಪು. “ಇದು ಹಳೇದಿರಬೇಕು” ಎಂದೆ. ಅವರಿಗೆ ನೋವಾಯಿತು. “ಹಳೇದ್ಯಾಕ್ ಹಾಕಾನ ಸಾರ್? ಲೇಟೆಸ್ಟು ಅಂತ ಇಲ್ಲೇ ಬರ್ದೈತಲ್ಲ, ನೀವೇ ಓದಿ” ಎಂದು ಪರದೆಯನ್ನು ನನ್ನ ಕಡೆಗೆ ತಿರುಗಿಸಿದರು. ಓದಿದೆ. ಬರೆದಿತ್ತು. ಅಕ್ಷರದೋಷವೂ ಇರಲಿಲ್ಲ.

ಹರ್ಷಿತಾಳಿಗೆ ಫೋನು ಮಾಡಿದಾಗ ಅವಳು ನಕ್ಕಳು. ಗುರುಗಳೆದುರಿಗೆ ನಗಬಾರದೆಂದು ತಡೆದು, ಮತ್ತೆ ನಕ್ಕಳು. “ಅಯ್ಯೋ ಸಾರ್, ಅವ್ರು ಲೇಟೆಸ್ಟ್ ಎಳೀತಾವ್ರೆ, ನಾನು ೧.೧ ತಳ್ಳಿದೀನಿ. ಲೇಟೆಸ್ಟ್ ಅನ್ನೋದು ಬರೀ ಹೆಸ್ರು. ನಾವು ಎತ್ತಿ ಹೊಸದಕ್ಕೆ ಅಂಟಿಸೋವರ್ಗೂ ಅದು ಹಳೇದ್ರ ಮೇಲೇ ಕೂತಿರ್ತದೆ. ಶಾಂತಮ್ಮ ಅಂತ ಹೆಸ್ರಿಟ್ಕೊಂಡೋರೆಲ್ಲ ಶಾಂತವಾಗಿರ್ತಾರಾ ಹೇಳಿ?” ನಮ್ಮ ಬೀದಿಯಲ್ಲಿ ಶಾಂತಮ್ಮನವರೊಬ್ಬರಿದ್ದಾರೆ.

ಮಾನ್ಯರೇ, ತಮ್ಮ ಸ್ಥಿರಚಿತ್ತವನ್ನು ಹೊಗಳಲು ನನ್ನ ಭಾಷಾಸಂಪತ್ತು ಸಾಲದು. ಹೊಸದು ಬಂದಿದೆಯೆಂದು ಲೋಕವೆಲ್ಲ ಎದ್ದು ನಿಂತರೂ ತಾವು ಹಿಡಿದ ಹಳೆಯದನ್ನು ಬಿಡುವುದಿಲ್ಲ. ಬಿಡದೆಯೂ ಹೊಸದರ ಹೆಸರನ್ನು ಬಿಡುವುದಿಲ್ಲ. ಇಂಥ ಶಕ್ತಿಯನ್ನು ಮೂಲೆಯ ಒಂದು ರಿಜಿಸ್ಟ್ರಿಯಲ್ಲಿ ವ್ಯರ್ಥವಾಗಲು ಬಿಡಬಾರದು. ತಮಗೆ ಅನುಕೂಲವಾದ ಯಾವುದಾದರೊಂದು ಕೆಲಸದ ದಿನ, ಬೆಳಗ್ಗೆ ಹತ್ತರಿಂದ ಹನ್ನೊಂದರ ನಡುವೆ, ಸಿದ್ಧಾರ್ಥನಗರದ ನಮ್ಮ ಮನೆಗೆ ಖುದ್ದಾಗಿ ದಯಮಾಡಿಸಿ, ನನ್ನ ಮದುವೆಯ ಭಾವಚಿತ್ರಕ್ಕೆ ಒಂದಿಷ್ಟು ಹೊತ್ತು ಅಂಟಿಕೊಂಡಿರಬೇಕೆಂದು ಕೋರುತ್ತೇನೆ. ಆಗ ನನ್ನ ತಲೆಯ ಮೇಲೆ ಈಗಲೂ ಕೂದಲಿದೆಯೆಂದು ವಾದಿಸಲು ಬರುತ್ತದೆ. ಇಂದ್ರಮ್ಮನವರು ಬೇರೊಂದು ಮನವಿ ಸೇರಿಸಲು ಹೇಳಿದ್ದಾರೆ: ಫ್ರಿಜ್ಜಿನಲ್ಲಿರುವ ಮೊನ್ನೆಯ ಹುಳಿಯ ಪಾತ್ರೆಗೆ ತಾವು ಅಂಟಿಕೊಂಡರೆ ನಾನು ಗೊಣಗದೆ ಉಣ್ಣುತ್ತೇನೆಯೋ ನೋಡಬೇಕಂತೆ. ಆ ಬಳಿಕ ಬಸ್ ನಿಲ್ದಾಣಕ್ಕೆ ಹೋಗಿ, ಹೊರಟುಹೋದ ಬಸ್ಸಿನ ಮೇಲೆ ತಾವು ಕುಳಿತುಬಿಟ್ಟರೆ, ತಡವಾಗಿ ಬಂದ ಪ್ರಯಾಣಿಕರೆಲ್ಲರೂ ಬಸ್ಸು ಹತ್ತಿ ಆಯಿತೆಂದೇ ತಿಳಿದು ನೆಮ್ಮದಿಯಿಂದ ಮನೆಗೆ ಹಿಂದಿರುಗಬಹುದು. ಇವುಗಳಲ್ಲಿ ಯಾವುದೂ ಸಾಧ್ಯವಾಗದಿದ್ದಲ್ಲಿ, ವೃತ್ತಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ನೋಟರಿಯ ಮುಂದೆ ಪ್ರಮಾಣಪತ್ರ ಮಾಡಿಸಿ, ತಮ್ಮ ಹೆಸರನ್ನು ‘ಹಿಂದೊಮ್ಮೆ’ ಎಂದು ಬದಲಾಯಿಸಿಕೊಳ್ಳುವಂತೆ ಸವಿನಯವಾಗಿ ಪ್ರಾರ್ಥಿಸುತ್ತೇನೆ.

ಮಂಗಳವಾರ ಸಂಜೆ ಹರ್ಷಿತಾ ತಮ್ಮನ್ನು ಎತ್ತಿ ಹೊಸ ಬುತ್ತಿಗೆ ಅಂಟಿಸಿದಳು. ಕೆಲಸ ಮುಗಿಯಿತೆಂದು ನಾನು ಎರಡು ಲೋಟ ಕಾಫಿ ಕುಡಿದೆ. ಬುಧವಾರ ಬೆಳಗ್ಗೆ ಶಾಲೆಗೆ ಹೋದರೆ ಕಂಪ್ಯೂಟರ್ ಕೊಠಡಿಗೆ ಬೀಗ. ಬಸವರಾಜು ಅವರು ಷಡ್ಡಕನ ಮನೆಯ ಗೃಹಪ್ರವೇಶಕ್ಕೆಂದು ಎರಡು ದಿನ ರಜೆ ಹಾಕಿ ತಿರುಮಕೂಡಲು ನರಸೀಪುರಕ್ಕೆ ಹೋಗಿದ್ದರು. ಬೀಗದ ಕೈಯೂ ಹೋಗಿತ್ತು. ಒಮ್ಮೆ ಎಳೆದುಕೊಂಡ ಇಮೇಜನ್ನು ಶಾಲೆಯ ಯಂತ್ರ ತನ್ನಲ್ಲಿಯೇ ಇಟ್ಟುಕೊಂಡಿರುತ್ತದೆಯಂತೆ; ಯಾರಾದರೂ ಬಂದು ಮತ್ತೆ ಎಳೆಯುವವರೆಗೆ ರಿಜಿಸ್ಟ್ರಿಯಲ್ಲಿ ತಾವು ಎಲ್ಲಿ ಅಂಟಿಕೊಂಡರೂ ಇಲ್ಲಿ ಹಳೆಯದೇ ಲೇಟೆಸ್ಟು. ಹರ್ಷಿತಾಳ ಫೋನಿನಲ್ಲಿ ಹೊಸ ಪುಟವನ್ನು ತೋರಿಸುತ್ತೇನೆಂದು ಪದ್ಮಾವತಿಯವರಿಗೆ ಹೇಳಿದೆ.

ಅವರು ಮೇಜಿನ ಖಾನೆಯಿಂದ ಸ್ಪರ್ಧೆಯ ನಿಯಮಾವಳಿಯನ್ನು ತೆಗೆದರು. “ನಂಗೆ ಗೊತ್ತು ಸಾರ್, ನೀವ್ ಹೇಳೋದೇ ಸರಿ. ಆದ್ರೆ ಆ ಹುಡುಗನ ಶಾಲೆಯೋರು ಕೇಳಿದ್ರೆ ನಾನು ಏನು ತೋರಿಸ್ಲಿ? ಒಂಬತ್ತನೇ ನಿಯಮ, ನೀವೇ ಬರ್ದಿರೋದು, ಓದ್ತೀನಿ ಕೇಳಿ” ಎಂದು ಓದಿದರು. ‘ಸ್ಪರ್ಧೆ ನಡೆದ ಶಾಲೆಯ ಯಂತ್ರದಲ್ಲಿರುವ ಪುಟದ ತೀರ್ಪೇ ಅಂತಿಮ, ಪಟ್ಟಿಯ ಕರ್ತೃವು ತನ್ನ ತಪ್ಪನ್ನು ಸ್ವಹಸ್ತದಿಂದ ಬರೆದು ಒಪ್ಪಿಕೊಂಡ ಹೊರತು ಅದರ ಮೇಲೆ ಯಾವ ವಾದಕ್ಕೂ ಅವಕಾಶವಿಲ್ಲ.’ ಆ ‘ಹೊರತು’ ಎಂಬ ಭಾಗವನ್ನು ನಾನು ವಾಕ್ಯದ ತೂಕಕ್ಕಾಗಿ ಮಾತ್ರ ಸೇರಿಸಿದ್ದೆ. ಅದು ಬಳಕೆಗೆ ಬರುವ ಸಂಭವ ನನ್ನ ಎಣಿಕೆಯಲ್ಲಿರಲಿಲ್ಲ. “ಒಂದು ಸಾಲು ಸಾಕು ಸಾರ್. ಐದು ಗಂಟೆಯೊಳ್ಗೆ ಬರ್ಕೊಡಿ, ಆ ಮಗೀನ ಹೆಸರು ಕಳ್ಸ್‌ಬುಡ್ತೀನಿ. ನೋಟೀಸ್ ಬೋರ್ಡಿಗೂ ಹಾಕ್ಬೇಕಾಗ್ತದೆ, ಅದೂ ನಿಯಮದಲ್ಲೇ ಇದೆ” ಎಂದರು. ನಾನು ನರಸೀಪುರಕ್ಕೆ ಬಸ್ಸು ಎಷ್ಟು ಹೊತ್ತಿಗಿದೆ ಎಂದು ಕೇಳಿದೆ. ಅವರು ಕನ್ನಡಕದ ಮೇಲಿನಿಂದ ನೋಡಿದರು. ನಾನು ಮಕ್ಕಳನ್ನು ಹಾಗೆ ನೋಡುತ್ತಿದ್ದೆ.

ಮನೆಗೆ ಬಂದೆ. ಸತ್ಯವನ್ನೇ ಹೇಳಬೇಕೆಂದರೆ, ಮೂರು ದಿನಗಳಿಂದ ನಾನು ತಮ್ಮ ಬೆನ್ನು ಹತ್ತಿದ್ದು ಈ ಒಂದು ಸಾಲನ್ನು ಬರೆಯುವುದನ್ನು ತಪ್ಪಿಸಿಕೊಳ್ಳುವುದಕ್ಕಾಗಿ. ಪುಟ ಸದ್ದಿಲ್ಲದೆ ಸರಿಹೋಗಲಿ, ತೀರ್ಪು ತಾನಾಗಿ ಬದಲಾಗಲಿ, ಯಾವ ಕಾಗದದ ಮೇಲೂ ನನ್ನ ಹೆಸರೂ ತಪ್ಪು ಎಂಬ ಪದವೂ ಒಂದೇ ಸಾಲಿನಲ್ಲಿ ಬರದೆ ಇರಲಿ ಎಂಬುದು ನನ್ನ ಬಯಕೆಯಾಗಿತ್ತು. ಇಂದ್ರಮ್ಮನವರು ಕಾಳು ಸುಲಿಯುತ್ತ, “ನಲವತ್ತು ವರ್ಸ ಮಕ್ಳ ಪುಸ್ತಕದಲ್ಲೆಲ್ಲ ತಪ್ಪು ತಪ್ಪು ಅಂತ ಬರ್ದೋರಿಗೆ ಇದೊಂದು ಕಡೆ ಬರಿಯಕ್ಕೆ ಶಾಯಿ ಸಾಲ್ದಾ?” ಎಂದರು. ನಲವತ್ತಲ್ಲ, ಮೂವತ್ತೆಂಟು ಎಂದು ತಿದ್ದಿದೆ.

ಮಧ್ಯಾಹ್ನ ಎರಡೂವರೆಗೆ ಗೇಟಿನ ಸದ್ದಾಯಿತು. ಸಮವಸ್ತ್ರದ ಹುಡುಗಿಯೊಬ್ಬಳು ಸೈಕಲ್ಲನ್ನು ಗೋಡೆಗೆ ಒರಗಿಸಿ, ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದುಕೊಂಡು ಒಳಗೆ ಬಂದಳು. ಧರಣಿ. ದೂರು ಹೇಳಲು ಬಂದಿದ್ದಾಳೆಂದು ತಿಳಿದು ನಾನು ಎದ್ದು ನಿಂತೆ. ಅವಳು ದೂರು ತಂದಿರಲಿಲ್ಲ. “ಸಾ, ಅಪ್ಪ ಕೇಳ್ಕೊಂಡ್ ಬಾ ಅಂದ್ರು. ನಮ್ ಅಂಗ್ಡೀಲಿ ಎಲ್ಲಾ ಡಿಸೈನಲ್ಲೂ ಹಾರ್ದಿಕಕ್ಕೆ ಹೊಟ್ಟೆ ಸೀಳ್ದೆ ಇಟ್ಟಿದೀವಿ, ನಾನೇ ಹಂಗೆ ಇಡ್ಸಿದ್ದು. ಈಗ ಎಲ್ಲಾದ್ರಲ್ಲೂ ಸೀಳ್ಬುಡದಾ? ಇಪ್ಪತ್ತೆರಡು ಡಿಸೈನ್ ಅವೆ” ಎಂದಳು. ಆಮೇಲೆ ನೋಟ್‌ಬುಕ್ಕನ್ನು ಬಿಚ್ಚಿ ತೋರಿಸಿದಳು. “ಇನ್ನೊಂದ್ಸಲ ತಪ್ಪಾಗ್ಬಾರ್ದು ಅಂತ ಐವತ್ತು ಸಲ ಬರ್ದಿದೀನಿ ಸಾ. ಇನ್ನೂ ಐವತ್ತು ಬರೀಬೇಕು.” ಪುಟದ ಎರಡು ಕಡೆಯೂ, ಗೆರೆ ತಪ್ಪದ ದುಂಡಾದ ಅಕ್ಷರಗಳಲ್ಲಿ, ಹಾರ್ಧಿಕ, ಹಾರ್ಧಿಕ, ಹಾರ್ಧಿಕ. ಮೊದಲ ಕೆಲವು ಸಾಲುಗಳಲ್ಲಿ ಹೊಟ್ಟೆಯ ಗೀಟನ್ನು ಮರೆತು ಆಮೇಲೆ ಸೇರಿಸಿದ್ದಳು. ಕೆಳಗೆ ಬರುತ್ತಿದ್ದಂತೆ ಕೈ ಅದಕ್ಕೆ ಒಗ್ಗಿಕೊಂಡಿತ್ತು.

ಮಾನ್ಯರೇ, ಒಂದು ಸ್ಥಾನ ತಪ್ಪಿದ್ದನ್ನು ಮುಂದಿನ ವರ್ಷ ತುಂಬಿಕೊಳ್ಳಬಹುದು. ತನಗೆ ತಾನೇ ಗೊತ್ತುಮಾಡಿಕೊಂಡಿದ್ದ ಒಂದು ಸರಿಯನ್ನು, ಯಾರೋ ಹೇಳಿದರೆಂದು ಐವತ್ತು ಸಲ ಬರೆದು ಅಳಿಸಿಕೊಂಡ ಮಗುವಿಗೆ ಏನನ್ನು ತುಂಬಿಕೊಡಬಹುದೆಂದು ನನಗೆ ಯಾವ ತರಬೇತಿಯಲ್ಲಿಯೂ ಕಲಿಸಿರಲಿಲ್ಲ. ಅವಳು ನಂಬಿದ್ದು ತಮ್ಮನ್ನಲ್ಲ, ಯಂತ್ರವನ್ನೂ ಅಲ್ಲ. ಪುಟದ ತುದಿಯಲ್ಲಿರುವ ನನ್ನ ಹೆಸರನ್ನು ನಂಬಿದ್ದಳು.

ಒಂದು ಬಿಳಿ ಹಾಳೆ ತೆಗೆದುಕೊಂಡು, ಕೆಂಪು ಶಾಯಿಯಲ್ಲಿ ಬರೆದೆ: ‘ಪಟ್ಟಿಯ ಒಂದು ಸಾವಿರದ ನೂರ ಮೂವತ್ತೊಂದನೆಯ ಸಾಲಿನಲ್ಲಿರುವ ತಪ್ಪು ನನ್ನದು. ಧರಣಿ ಬರೆದದ್ದು ಸರಿ.’ ಸಹಿ ಹಾಕಿದೆ. ಡಿಸೈನುಗಳನ್ನು ಮುಟ್ಟಬೇಡವೆಂದು ನಿನ್ನ ತಂದೆಗೆ ಹೇಳು ಎಂದೆ. ಹಾಳೆಯನ್ನು ಪದ್ಮಾವತಿ ಮೇಡಮ್ಮಿಗೆ ಕೊಡಲು ಅವಳ ಕೈಗಿತ್ತೆ. ಅವಳು ಅದನ್ನು ಮಡಿಸದೆ, ಬಾಗಿಲಲ್ಲಿ ನಿಂತು, ಒಂದೊಂದೇ ಪದಕ್ಕೆ ಬೆರಳಿಟ್ಟು ಓದಿದಳು. ನಗಲಿಲ್ಲ, ಕುಣಿಯಲಿಲ್ಲ. ಮತ್ತೆ ಒಳಗೆ ಬಂದು ಹಾಳೆಯನ್ನು ನನ್ನ ಮುಂದಿಟ್ಟು, “ಸಾ, ತಾರೀಖು ಹಾಕಿಲ್ಲ. ಇವತ್ತಿಂದು ಅಂತ ಹೆಂಗೆ ಗೊತ್ತಾಯ್ತದೆ?” ಎಂದಳು.

ತಾರೀಖು ಹಾಕಿದೆ. ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ಅವಳ ಹೆಸರು ಜಿಲ್ಲಾ ಸುತ್ತಿಗೆ ಹೋಯಿತೆಂದು ಪದ್ಮಾವತಿಯವರು ಫೋನು ಮಾಡಿದರು. ಪುಟವನ್ನು ನಂಬಿದ ಆ ಹುಡುಗನದೂ ತಪ್ಪಲ್ಲವೆಂದು ಅವನನ್ನು ಬದಲಿ ಸ್ಪರ್ಧಿಯ ಸ್ಥಾನಕ್ಕೆ ಸೇರಿಸಿದ್ದಾರೆ. ನನ್ನ ಹಾಳೆ ನೋಟೀಸ್ ಬೋರ್ಡಿನ ಮೇಲಿದೆ. ತಮ್ಮನ್ನು ಅಡಿಯಿಂದ ಮುಡಿಯವರೆಗೆ ಓದಿ ನೋಡಿದೆ, ಮಾನ್ಯರೇ. ಆರೇ ಇಂಗ್ಲಿಷ್ ಅಕ್ಷರಗಳಿವೆ, ಎಲ್ಲವೂ ಶುದ್ಧವಾಗಿವೆ. ತಾರೀಖು ಮಾತ್ರ ಎಲ್ಲಿಯೂ ಇಲ್ಲ. ಏಳನೆಯ ತರಗತಿಯ ಹುಡುಗಿಗೆ ಹೊಳೆದ ಆ ಪ್ರಶ್ನೆಯನ್ನು ತಮ್ಮನ್ನು ಎಳೆದುಕೊಳ್ಳುವ ಲೋಕದ ದೊಡ್ಡ ದೊಡ್ಡವರಲ್ಲಿ ಯಾರೂ ತಮ್ಮಲ್ಲಿ ಕೇಳಿಲ್ಲವೆಂದರೆ, ತಪ್ಪು ತಮ್ಮದೊಂದೇ ಅಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಈ ವಾರ ಒಪ್ಪಿಕೊಳ್ಳುವುದು ನನಗೆ ಸ್ವಲ್ಪ ಅಭ್ಯಾಸವಾಗಿದೆ.

ಹೆಸರಿಗೂ ನಡತೆಗೂ ಹೊಂದಿಕೆಯಾಗುವ ದಿನದಿಂದ ಜಾರಿಗೆ ಬರುವಂತೆ,
ತಮ್ಮ ವಿಶ್ವಾಸಿ,
ಚಿಕ್ಕಮಾದಯ್ಯ

ಮೈಸೂರು, ೧೩ ನವೆಂಬರ್ ೨೦೨೫, ಗುರುವಾರ, ಬೆಳಗ್ಗೆ ಹತ್ತು ಗಂಟೆ.

ತಾ.ಕ.: ಈ ಎರಡಕ್ಷರಗಳನ್ನು ಕಾಗದದ ಕೊನೆಗೆ ಬರೆಯುವವರು ಕಡಿಮೆಯಾಗಿರುವುದರಿಂದ ತಮಗೆ ಪರಿಚಯವಿರಲಾರದು. ಇವುಗಳ ಪೂರ್ಣರೂಪ ‘ತಾಜಾ ಕಲಮು’. ಹಳೆಯ ಕಚೇರಿಗಳು ನಮಗೆ ಬಿಟ್ಟುಹೋದ ಮಾತು. ತಾಜಾ ಎಂದರೆ ತಮ್ಮ ಹೆಸರಿನ ಅರ್ಥವೇ. ಆದರೆ ಇದು ಮುಂಚಿತವಾಗಿ ಬಂದು ಪೀಠವೇರಿ ಕೂರುವುದಿಲ್ಲ. ಎಲ್ಲರೂ ಬರೆದು ಮುಗಿಸಿ, ಸಹಿಯೂ ಬಿದ್ದು, ತಾರೀಖೂ ಬಿದ್ದ ಮೇಲೆ, ನಿಜವಾಗಿಯೂ ಕೊನೆಗೆ ಬರುತ್ತದೆ. ತಾವು ರಾಜೀನಾಮೆ ಕೊಡುವ ಮನಸ್ಸು ಮಾಡಿದಲ್ಲಿ ತಮ್ಮ ಹುದ್ದೆಗೆ ಇದರ ಹೆಸರನ್ನು ಶಿಫಾರಸು ಮಾಡಲು ನಾನು ಸಿದ್ಧನಿದ್ದೇನೆ. ಇದು ವಯಸ್ಸಿನಲ್ಲಿ ತಮಗಿಂತ ನೂರಾರು ವರ್ಷ ಹಿರಿಯದು. ಆದರೂ ತಮಗಿಂತ ಹೊಸದು.